ತಂಬಿಗೆ ನೀರು, ಬಟ್ಟಲು ಅನ್ನ

ಕಾಶಿಗೆ ಬಂದವರು ಇಲ್ಲಿ ಏನಾದರೊಂದನ್ನು ಬಿಟ್ಟು ಹೋಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಒಂದು ತರಕಾರಿ, ಇಲ್ಲವೇ ಒಂದು ಹಣ್ಣು. ಗಂಗೆಯಲ್ಲಿ ನಿಂತು ‘ಬಿಟ್ಟೆ’ ಅಂದರೆ ಮುಗಿಯಿತು, ಬದುಕಿರುವವರೆಗೆ ಅದನ್ನು ಬಾಯಿಗೆ ಇಡುವಂತಿಲ್ಲ. ಇಷ್ಟವಾದದ್ದನ್ನೇ ಬಿಡಬೇಕು ಅನ್ನುತ್ತಾರೆ ಹಿರಿಯರು. ಬ್ಯಾಂಕಿನ ಬಡ್ತಿಯ ಜೊತೆಗೆ ವರ್ಗವಾಗಿ ನಾನು ಹುಬ್ಬಳ್ಳಿಯಿಂದ ಇಲ್ಲಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಇಳಿದುಕೊಂಡು ಯಾತ್ರೆ ಮುಗಿಸಿ ಹೋದ ನೆಂಟರು, ನೆಂಟರ ನೆಂಟರು ಎಷ್ಟೋ ಮಂದಿ. ಅವರಲ್ಲಿ ಹೆಚ್ಚಿನವರು ಬಿಟ್ಟದ್ದು ಹಾಗಲಕಾಯಿ. ಒಬ್ಬ ಮಹಾನುಭಾವರು ಸೀತಾಫಲ ಬಿಟ್ಟು, ವಿಶ್ವನಾಥ ಗಲ್ಲಿಯಲ್ಲಿ ಹೊಟ್ಟೆ ತುಂಬ ರಬಡಿ ತಿಂದು ಬಂದು, ‘ಮನಸ್ಸು ಹಗುರಾತು ನೋಡ್ರಿ’ ಅಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಹಗುರಾದದ್ದು ನಮ್ಮ ಗ್ಯಾಸ್ ಸಿಲಿಂಡರ್ ಎಂದು ಅಡುಗೆಮನೆಯಲ್ಲಿ ಗೊಣಗಿದ್ದೆ.

ನಾನು ಬಿಟ್ಟದ್ದು ಅನ್ನ. ಜೋಳದ ರೊಟ್ಟಿಯ ಮನೆಯಲ್ಲಿ ಹುಟ್ಟಿಯೂ ನನಗೆ ಅನ್ನದ ಮೇಲೆಯೇ ಜೀವ. ಬಿಸಿ ಅನ್ನ, ಬೇಳೆ ಸಾರು, ಮೇಲೊಂದು ಚಮಚ ತುಪ್ಪ. ಬ್ಯಾಂಕಿನಿಂದ ದಣಿದು ಬಂದ ದಿನ ತಟ್ಟೆಗೆ ಮೂರು ಸಲ ಬಡಿಸಿಕೊಳ್ಳುತ್ತಿದ್ದೆ. ಮೈ ಬಂದಿತ್ತು. ಬರಲಿ ಬಿಡು, ಯಾರಪ್ಪನ ಗಂಟು ಎಂದುಕೊಂಡಿದ್ದೆ. ಆ ಮೈ ಇನ್ನೊಬ್ಬರ ಜೀವಕ್ಕೆ ಅಡ್ಡ ಬರುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ನಮ್ಮವರು ಹುಬ್ಬಳ್ಳಿಯಲ್ಲಿ ಕಾಲೇಜಿನ ಮೇಷ್ಟ್ರು. ನನ್ನ ವರ್ಗಾವಣೆಗಾಗಿ ಕೆಲಸ ಬಿಟ್ಟು ನನ್ನ ಜೊತೆ ಬಂದವರು. ಇಲ್ಲಿಯ ಲಂಕಾ ಬಡಾವಣೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದರು, ಹುಬ್ಬಳ್ಳಿಯ ಧಾಟಿಯ ಹಿಂದಿಯಲ್ಲಿ. ಇಲ್ಲಿಗೆ ಬಂದ ಎರಡನೆಯ ವರ್ಷ ಅವರ ಕಾಲು ಬಾತವು, ಮುಖ ಬಾತಿತು, ಮೆಟ್ಟಿಲು ಹತ್ತಿದರೆ ಉಸಿರು ಸಿಗದಂತಾಯಿತು. ಎರಡೂ ಮೂತ್ರಪಿಂಡಗಳು ಸೋತಿದ್ದವು. ಅಲ್ಲಿಂದ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ಸಲ ಆ ಯಂತ್ರದ ಪಕ್ಕ ಮಲಗುವುದು, ಉಳಿದ ದಿನ ಅದರ ಸುಸ್ತು ಕಳೆಯುವುದು. ಕುಂತುಕೊಂಡೇ ಪಾಠ ಹೇಳಿದರು, ಆಮೇಲೆ ಅದನ್ನೂ ಬಿಟ್ಟರು.

ಎಲ್ಲಕ್ಕಿಂತ ಕಷ್ಟದ್ದು ನೀರು. ಮೂತ್ರ ಹೋಗದ ಮೈಗೆ ಕುಡಿದ ನೀರೆಲ್ಲ ಒಳಗೇ ನಿಲ್ಲುತ್ತದೆ, ಶ್ವಾಸಕೋಶಕ್ಕೂ ತುಂಬಿಕೊಳ್ಳುತ್ತದೆ. ದಿನಕ್ಕೆ ಇಷ್ಟೇ ಎಂದು ವೈದ್ಯರು ಗೆರೆ ಕೊರೆದರು. ಚಹಾ, ಸಾರು, ಮಜ್ಜಿಗೆ ಎಲ್ಲ ಅದರಲ್ಲೇ ಬರಬೇಕು. ಇವರು ಅಷ್ಟು ಹಿಡಿಯುವ ಒಂದು ಸ್ಟೀಲ್ ತಂಬಿಗೆ ಹುಡುಕಿ ತಂದರು. ಬೆಳಿಗ್ಗೆ ಎದ್ದು ಅದನ್ನು ತುಂಬಿಸಿ ಮೇಜಿನ ಮೇಲೆ ಇಡುವುದು. ಆ ದಿನದ ನೀರು ಅಷ್ಟೇ. ಚಹಾ ಬೇಕಾದರೆ ಅದರಿಂದಲೇ ತೆಗೆಯಬೇಕು. ಊರೂರಿನವರು ಬಂದು ದೊಡ್ಡ ದೊಡ್ಡ ಕ್ಯಾನುಗಳಲ್ಲಿ ಗಂಗೆಯನ್ನು ತುಂಬಿಕೊಂಡು ಹೋಗುವ ಊರಿನಲ್ಲಿ ನನ್ನ ಗಂಡ ಏಲಕ್ಕಿ ಬಾಯಲ್ಲಿಟ್ಟುಕೊಂಡು ಬಾಯಾರಿಕೆ ಸಹಿಸುತ್ತಿದ್ದರು. ನಾನು ಅವರ ಎದುರಿಗೆ ನೀರು ಕುಡಿಯುವುದನ್ನೇ ಬಿಟ್ಟೆ. ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿ ಕುಡಿಯುತ್ತಿದ್ದೆ.

ನಮ್ಮಿಬ್ಬರ ರಕ್ತದ ಗುಂಪು ಒಂದೇ. ನನ್ನದೊಂದು ಕೊಡುತ್ತೇನೆ ಎಂದು ಹೇಳಲು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ಇವರಿಲ್ಲದ ಮನೆ ನನಗೆ ಬೇಕಾಗಿರಲಿಲ್ಲ, ಅಷ್ಟೇ. ಲಖನೌದ ದೊಡ್ಡ ಆಸ್ಪತ್ರೆಗೆ ಹೋದೆವು. ತಪಾಸಣೆಗಳೆಲ್ಲ ಮುಗಿದ ಮೇಲೆ ಅಲ್ಲಿಯ ವೈದ್ಯೆ ನನ್ನ ಕಡೆ ತಿರುಗಿದರು. ಮಿತವಾಗಿ ಮಾತಾಡುವ ಹೆಂಗಸು. ‘ನೀವು ಕೊಡಬಹುದು, ಆದರೆ ಈ ತೂಕದಲ್ಲಿ ಅಲ್ಲ. ಸಕ್ಕರೆ ಅಂಚಿನಲ್ಲಿದೆ. ಒಂದು ಮೂತ್ರಪಿಂಡದ ಮೇಲೆ ನೀವು ಮುಂದೆ ಇಡೀ ಆಯುಷ್ಯ ಕಳೆಯಬೇಕು. ಹನ್ನೆರಡು ಕಿಲೋ ಇಳಿಸಿಕೊಂಡು ಬನ್ನಿ’ ಎಂದು ಹಿಂದಿಯಲ್ಲಿ ಹೇಳಿದರು. ಇವರು ತಲೆ ತಗ್ಗಿಸಿ ತಮ್ಮ ಕೈ ನೋಡಿಕೊಂಡರು. ನನಗೆ ನೆಲ ಬಾಯಿ ತೆರೆದು ನುಂಗಬಾರದೇ ಅನಿಸಿತು.

ಕಾಶಿಗೆ ವಾಪಸು ಬಂದವಳೇ ದಶಾಶ್ವಮೇಧ ಘಾಟಿಗೆ ಹೋದೆ. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು, ಅನ್ನ ಬಿಟ್ಟೆ ಅಂದೆ. ಹಾಗಲಕಾಯಿಯವರನ್ನು ಆಡಿಕೊಂಡವಳು ನಾನು. ಬಿಡುವುದಾದರೆ ಬಿಟ್ಟ ಹಾಗೆ ಇರಬೇಕು ಎಂಬ ಹಟ ನನ್ನದು.

ಆ ಮೊದಲನೆಯ ಸಲ ತೂಕ ಇಳಿಸಿದ್ದು ನನಗೆ ಅಷ್ಟು ಕಷ್ಟವೆನಿಸಲಿಲ್ಲ. ನಸುಕಿನಲ್ಲಿ ಅಸ್ಸಿ ಘಾಟಿನಿಂದ ಶುರುಮಾಡಿ ಘಾಟುಗಳ ಮೇಲೇ ನಡೆಯುತ್ತಿದ್ದೆ. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಬ್ಯಾಂಕಿನಲ್ಲಿ ಚಪಾತಿಯ ಡಬ್ಬಿ ತೆರೆದರೆ, ದಕ್ಷಿಣದವಳ ಊಟದಲ್ಲಿ ಅನ್ನವಿಲ್ಲವೇ ಎಂದು ಸಹೋದ್ಯೋಗಿಗಳು ಹುಬ್ಬೇರಿಸುವರು. ತಿಂಗಳು ಕಳೆಯುತ್ತಿದ್ದಂತೆ, ‘ಕ್ಯಾ ಬಾತ್ ಹೈ ಮೇಡಂ’ ಎನ್ನುವ ಮೆಚ್ಚುಗೆ ಶುರುವಾಯಿತು. ಘಾಟಿನ ಚಹಾದವನು ಕೂಡ, ಮಣ್ಣಿನ ಕುಲ್ಹಡಿಗೆ ಸಕ್ಕರೆ ಇಲ್ಲದ ಚಹಾ ಸುರಿಯುತ್ತ, ದಕ್ಷಿಣದ ಅಮ್ಮ ಅರ್ಧ ಆಗಿಹೋದರು ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಹೊಗಳಿಕೆಗೆ ಎಷ್ಟು ಬಲವಿದೆ ಎಂದು ನನಗೆ ಆಗ ತಿಳಿಯಿತು. ಹಳೆಯ ರವಿಕೆಗಳು ಜೋತುಬಿದ್ದವು. ಒಂಬತ್ತು ಕಿಲೋ ಇಳಿದಿತ್ತು. ಇನ್ನು ಮೂರು ಮಾತ್ರ ಉಳಿದಿತ್ತು.

ಮಳೆಗಾಲ ಮುಗಿದು ಗಂಗೆ ಇಳಿದಾಗ ಘಾಟಿನ ಮೆಟ್ಟಿಲುಗಳ ಮೇಲೆ ಆಳೆತ್ತರ ಹೂಳು ಬಿಟ್ಟುಹೋಗುತ್ತಾಳೆ. ಅದನ್ನು ಪಂಪಿನ ನೀರು ಹೊಡೆದು ತೊಳೆಯುವವರೆಗೆ ಅಲ್ಲಿ ನಡೆಯಬಾರದು, ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಮೂರೇ ಕಿಲೋ ಎಂಬ ಅವಸರದಲ್ಲಿ ನಡೆದೆ. ಕಾಲು ಜಾರಿತು. ಪಾದದ ಗಂಟಿನ ಮೂಳೆ ಎರಡು ಕಡೆ ಮುರಿದಿತ್ತು. ಪ್ಲಾಸ್ಟರ್ ಹಾಕಿ ಮಲಗಿಸಿದರು.

ಈಗ ಮನೆಯಲ್ಲಿ ಇಬ್ಬರು ರೋಗಿಗಳು. ಹುಬ್ಬಳ್ಳಿಯಿಂದ ಅತ್ತೆ ಬಂದರು. ಎಪ್ಪತ್ತು ದಾಟಿದವರು, ಹಿಂದಿಯ ಒಂದಕ್ಷರ ಬಾರದವರು, ಒಬ್ಬರೇ ರೈಲಿನಲ್ಲಿ ಕೂತು ಬಂದರು. ಜೊತೆಗೆ ಒಂದು ಚೀಲ ಜೋಳದ ಹಿಟ್ಟು, ಒಂದು ಡಬ್ಬಿ ತುಪ್ಪ, ಒಣಕೊಬ್ಬರಿ, ಉತ್ತತ್ತಿ, ಉಂಡಿಗೆ ಹಾಕುವ ಅಂಟು, ಬೆಲ್ಲ. ಮಗನಿಗೆ ತಮ್ಮ ಮೂತ್ರಪಿಂಡವನ್ನೇ ಕೊಡುತ್ತೇನೆ ಎಂದು ಮೊದಲೇ ಹಟ ಹಿಡಿದಿದ್ದರು. ವಯಸ್ಸಾಯಿತು, ಆಗುವುದಿಲ್ಲ ಎಂದು ಹೇಳಿದ್ದಕ್ಕೆ ವೈದ್ಯರ ಮೇಲೆ ಅವರಿಗೆ ಇನ್ನೂ ಸಿಟ್ಟಿತ್ತು. ಕೊಡುವವಳು ನಾನು ಎಂದಾದ ಮೇಲೆ ಅವರ ಲೆಕ್ಕ ಬದಲಾಗಿತ್ತು.

ಬಂದ ಮರುದಿನವೇ ಅಂಟಿನ ಉಂಡಿ ಕಟ್ಟಿದರು. ನಮ್ಮ ಕಡೆ ಅದು ಬಾಣಂತಿಯರ ತಿನಿಸು. ಹೆರಿಗೆಯಲ್ಲಿ ಸೋತ ಮೈಗೆ ಬಲ ಬರಲೆಂದು ತವರಿನವರೋ ಅತ್ತೆಯೋ ಮಾಡಿ ಡಬ್ಬಿ ತುಂಬಿಸಿ ಇಡುತ್ತಾರೆ. ಒಂದು ತಟ್ಟೆಯಲ್ಲಿ ಎರಡು ಉಂಡಿ, ಒಂದು ಲೋಟ ಹಾಲು ತಂದು ನನ್ನ ಹಾಸಿಗೆಯ ಪಕ್ಕ ಕೂತರು.

‘ಅತ್ತಿ, ನಾ ಇದೆಲ್ಲಾ ತಿನ್ನೂಹಂಗಿಲ್ಲ’ ಅಂದೆ.

‘ಯಾಕ ತಿನ್ನೂಹಂಗಿಲ್ಲ? ಮೈಯಾಗಿಂದ ಒಂದು ತುಂಡ ತಗದ ಕೊಡಾಕಿ ನೀನು. ಕೊಡಾಕಿ ಗಟ್ಟಿ ಇರಬೇಕವಾ. ಬಳ್ಳಿಹಂಗ ಆಗಿ ಕುಂತೀಯಲ್ಲ, ಇದರಾಗ ಏನ ಕೊಡ್ತಿ ನನ್ನ ಮಗಗ?’

ನಗು ಬರಬೇಕಾಗಿದ್ದ ಮಾತು. ನನಗೆ ಅಳು ಬಂತು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅತ್ತೆ ಒಂದು ದಿನವೂ ನನ್ನನ್ನು ಅಂದವರಲ್ಲ, ಆಡಿದವರಲ್ಲ. ಆದರೆ ಓರಗಿತ್ತಿಯ ಎರಡು ಬಾಣಂತನಕ್ಕೂ ಇದೇ ಉಂಡಿ ಕಟ್ಟುವಾಗ ನಾನು ಪಕ್ಕದಲ್ಲಿ ಕೂತು ಕೊಬ್ಬರಿ ತುರಿದುಕೊಟ್ಟಿದ್ದೆ. ನನಗಾಗಿ ಯಾರೂ ಅದನ್ನು ಕಟ್ಟಿರಲಿಲ್ಲ, ಕಟ್ಟುವ ಕಾರಣವೇ ಬಂದಿರಲಿಲ್ಲ. ಈಗ, ನಲವತ್ತೆಂಟನೆಯ ವಯಸ್ಸಿನಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವಳಿಗೆ ಬಾಣಂತಿಯ ಉಂಡಿ. ಬೇಡ ಎನ್ನಲು ನನ್ನಿಂದಾಗಲಿಲ್ಲ. ಎರಡೂ ತಿಂದೆ.

ಅದಾದ ಮೇಲೆ ಅನ್ನ ಬಂತು. ಮೆತ್ತಗೆ ಬೆಂದ ಅನ್ನ, ಬೇಳೆ ಸಾರು, ಅವರೇ ತಂದ ತುಪ್ಪ. ಬಿಟ್ಟಿದ್ದೇನೆ ಅಂದೆ. ‘ಹಾಸಿಗಿ ಹಿಡದವರಿಗೆ ವ್ರತ ಇಲ್ಲವಾ. ನನ್ನ ಕೈಲೆ ಉಂಡರ ಆ ದೋಷ ನನಗ ಬರಲಿ’ ಅಂದರು. ಒಂದು ತುತ್ತು ಉಂಡೆ. ಆ ಒಂದು ತುತ್ತಿನಲ್ಲಿ ನನ್ನೊಳಗೆ ಏನೋ ಕಳಚಿಬಿತ್ತು. ಕಾಶಿಯಲ್ಲಿ ಬಿಟ್ಟದ್ದನ್ನು ಒಮ್ಮೆ ತಿಂದರೂ ಸರಿ, ನೂರು ಸಲ ತಿಂದರೂ ಸರಿ, ಹೋದದ್ದು ಹೋಯಿತು. ಇನ್ನು ಕಾಪಾಡಿಕೊಳ್ಳಲು ಏನು ಉಳಿದಿದೆ? ಹಾಗಂದುಕೊಂಡು ಮಧ್ಯಾಹ್ನವೂ ಉಂಡೆ, ರಾತ್ರಿಯೂ ಉಂಡೆ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಉಂಡಿಯ ಡಬ್ಬಿ ಎರಡನೆಯ ಸಲ ತುಂಬಿತ್ತು.

ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಎಂದೇ ಹೇಳಬೇಕು. ಅತ್ತೆ ತಲೆಗೆ ಎಣ್ಣೆ ಹಚ್ಚುವರು, ಎರೆಯುವರು, ಕಿವಿಗೆ ಹತ್ತಿ ಇಟ್ಟು ಬೆಚ್ಚಗೆ ಹೊದಿಸುವರು. ಪಕ್ಕದ ಕೋಣೆಯಲ್ಲಿ ಇವರು ತಂಬಿಗೆಯಿಂದ ಎರಡು ಗುಟುಕು ಕುಡಿದು ಮುಚ್ಚಳ ಮುಚ್ಚುವ ಸದ್ದು ಕೇಳುತ್ತಿತ್ತು. ಕೇಳಿಯೂ ನಾನು ಇನ್ನೊಂದು ತುತ್ತು ಕಲಸುತ್ತಿದ್ದೆ.

ಕುಂಟುತ್ತಲೇ ಲಖನೌಗೆ ಹೋದದ್ದು. ಅತ್ತೆಯೂ ಬಂದರು. ನಾನು ತೂಕದ ಯಂತ್ರದ ಮೇಲೆ ನಿಂತಾಗ ಆ ವೈದ್ಯೆ ಹಳೆಯ ಕಾಗದ ತೆಗೆದು ನೋಡಿದರು, ಕನ್ನಡಕ ಕೆಳಗಿಟ್ಟರು. ಒಂಬತ್ತರಲ್ಲಿ ಎಂಟು ತಿರುಗಿ ಬಂದಿತ್ತು. ಸಕ್ಕರೆ ಮೊದಲಿಗಿಂತ ಮೇಲೆ ಹೋಗಿತ್ತು. ‘ಈಗ ಆಗುವುದಿಲ್ಲ. ಇಳಿಸಿಕೊಂಡು ಬನ್ನಿ. ಆದರೆ ತಡ ಮಾಡಬೇಡಿ, ಇವರ ಹೃದಯ ದಣಿಯುತ್ತಿದೆ’ ಅಂದರು. ಹೊರಗೆ ಬಂದಾಗ ಅತ್ತೆ ಏನಂತೆ, ಏನಂತೆ ಎಂದು ಕೇಳಿದರು. ಯಾವುದೋ ಒಂದು ತಪಾಸಣೆ ಉಳಿದಿದೆ ಎಂದು ಇವರು ಸುಳ್ಳು ಹೇಳಿದರು.

ಸ್ಟೇಷನ್ನಿನಲ್ಲಿ ರೈಲು ತಡವಾಗಿತ್ತು. ಇವರು ಎದ್ದು ಹೋದರು. ಬಹಳ ಹೊತ್ತಾದರೂ ಬರದಿದ್ದಾಗ ನಾನು ಕೋಲೂರಿಕೊಂಡು ಹುಡುಕಿದೆ. ನಿಂಬೆ ಶರಬತ್ತಿನ ಗಾಡಿಯ ಮುಂದೆ ನಿಂತಿದ್ದರು. ಒಂದಾದ ಮೇಲೊಂದು ಗ್ಲಾಸು ಎತ್ತಿ ಗಟಗಟ ಕುಡಿಯುತ್ತಿದ್ದರು. ಅಂಗಿಯ ಮುಂಭಾಗ ತೊಯ್ದಿತ್ತು. ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ. ಅಷ್ಟು ದಿನ ಆ ಮನುಷ್ಯ ಬಾಯಾರಿಕೆಯ ಬಗ್ಗೆ ಒಂದು ಮಾತು ಆಡಿರಲಿಲ್ಲ. ನಾನು ತಡೆಯಲಿಲ್ಲ. ತಡೆಯುವ ಮುಖ ನನಗಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಕಾಶಿಯ ಆಸ್ಪತ್ರೆಯಲ್ಲಿದ್ದೆವು. ಉಸಿರು ಎಳೆಯಲಾಗದೆ ಇವರು ಕೂತೇ ಇದ್ದರು, ಮಲಗಿದರೆ ಮುಳುಗಿದಂತಾಗುತ್ತಿತ್ತು. ಆಮ್ಲಜನಕ ಹಾಕಿ, ತುರ್ತಾಗಿ ಡಯಾಲಿಸಿಸ್ ಮಾಡಿ, ಮಾರನೆಯ ದಿನ ಸಂಜೆ ಮನೆಗೆ ಕಳಿಸಿದರು. ಹೋಗಿಬಿಡುತ್ತಾರೆ ಎಂದು ನಾನು ಖಂಡಿತ ಅಂದುಕೊಂಡಿದ್ದೆ. ಹೋದರೆ ಅದು ನನ್ನ ತಟ್ಟೆಯಿಂದಲೇ ಎಂದೂ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಇವರು ಗೋಡೆ ಹಿಡಿದು ನಿಂತು ತಂಬಿಗೆ ತೊಳೆಯುತ್ತಿದ್ದರು. ತೊಳೆದು, ಕಾಸಿ ಆರಿಸಿದ ನೀರು ತುಂಬಿಸಿ, ಕತ್ತಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಮುಚ್ಚಳ ಮುಚ್ಚಿದರು. ಯಾವತ್ತಿನ ಹಾಗೆ. ಮೊನ್ನೆ ಸಾವಿನ ಬಾಗಿಲು ತಟ್ಟಿ ಬಂದವರ ಹಾಗೆ ಅಲ್ಲ.

‘ಇನ್ನ ಯಾಕ್ರಿ ಈ ಅಳತಿ? ಎಲ್ಲಾ ಮುಗದ ಹೋತಲ್ಲ’ ಅಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು.

ಅವರು ನನ್ನನ್ನು ನೋಡಿದರು. ‘ಮೊನ್ನೆ ಹೆಚ್ಚಾತು. ಅದು ಮೊನ್ನಿಂದು. ಇವತ್ತಿನ ನೀರು ಇವತ್ತ ಕುಡೀಬೇಕಲ್ಲ?’ ಅಂದರು. ಆಮೇಲೆ, ‘ನೀ ಗಂಗಾದಾಗ ನಿಂತು ಬಿಟ್ಟಿ. ಒಂದು ತುತ್ತು ಅನ್ನ ಉಂಡಿ ಅಂತ ಎಲ್ಲಾ ಬಿಟ್ಟಿ. ನಾ ಏನೂ ಬಿಟ್ಟಿಲ್ಲ, ಬರೇ ಅಳದ ಕುಡಿತೀನಿ. ಅದಕ್ಕ ನಂದು ಮುರಿಯೂದಿಲ್ಲ’ ಅಂದರು. ಅಷ್ಟು ಮಾತಾಡಿದ್ದಕ್ಕೇ ದಮ್ಮು ಬಂದು ಕುರ್ಚಿಯ ಮೇಲೆ ಕೂತರು.

ನಾನು ಅಲ್ಲಿಯೇ ನಿಂತು ಕಪಾಟಿನಿಂದ ಒಂದು ಬಟ್ಟಲು ತೆಗೆದೆ. ಮೊಸರು ಹಾಕಿಕೊಳ್ಳುವ ಸಣ್ಣ ಬಟ್ಟಲು. ತಂಬಿಗೆಯ ಪಕ್ಕದಲ್ಲಿಟ್ಟೆ. ಮಧ್ಯಾಹ್ನಕ್ಕೆ ಒಂದು ಬಟ್ಟಲು ಅನ್ನ, ಅದರ ಮೇಲೆ ಒಂದು ಅಗುಳೂ ಇಲ್ಲ. ಉಳಿದದ್ದು ರೊಟ್ಟಿ, ಪಲ್ಯ, ಕಾಳು. ಹೊಸ ವ್ರತ ತೊಡಲಿಲ್ಲ. ಗಂಗೆಗೆ ಹೋಗಲಿಲ್ಲ.

ಆದರೆ ಅತ್ತೆಗೆ ಹೇಳಬೇಕಿತ್ತು. ಮಧ್ಯಾಹ್ನ ಅವರು ಉಂಡಿಯ ತಟ್ಟೆ ಹಿಡಿದು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಲಖನೌದಲ್ಲಿ ತಪಾಸಣೆ ಉಳಿದಿರಲಿಲ್ಲ, ನನ್ನ ಮೈ ಹೆಚ್ಚಾಗಿತ್ತು. ಕೊಡುವವಳು ಗಟ್ಟಿ ಇರುವುದೆಂದರೆ ದಪ್ಪ ಇರುವುದಲ್ಲ. ಈ ತೂಕದಲ್ಲಿ ವೈದ್ಯರು ನನ್ನನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸುವುದೇ ಇಲ್ಲ. ಅತ್ತೆ ಮೊದಲು ನಂಬಲಿಲ್ಲ. ‘ತೆಳ್ಳಗಾದ್ರ ಕೊಡೂದು ಹ್ಯಾಂಗವಾ?’ ಎಂದು ಎರಡು ಸಲ ಕೇಳಿದರು. ನಂತರ ಮಗನ ಕಡೆ ನೋಡಿದರು. ಇವರು ಮುಖ ತಿರುಗಿಸಿದರು. ಆಗ ಅವರಿಗೆ ತಿಳಿಯಿತು. ತಟ್ಟೆಯ ಉಂಡಿಗಳ ಮೇಲೆ ಸೆರಗು ಮುಚ್ಚಿಕೊಂಡು ಎದ್ದು ಒಳಗೆ ಹೋದರು. ತಪ್ಪು ಅವರದಲ್ಲ, ಅವರು ಬಡಿಸಿದ್ದು ಪ್ರೀತಿಯನ್ನು, ಅದನ್ನು ತೂಗುವ ಯಂತ್ರ ಅವರ ಬಳಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಮನೆಯಲ್ಲಿರಲಿಲ್ಲ. ಹಿಂದಿ ಬಾರದವರು, ದಾರಿ ಗೊತ್ತಿಲ್ಲದವರು. ಉಂಡಿಯ ಡಬ್ಬಿಯೂ ಇರಲಿಲ್ಲ. ಅವರು ಇಲ್ಲಿ ಕಂಡಿದ್ದ ಒಂದೇ ಜಾಗ, ನಮ್ಮ ಕಡೆಯವರೇ ಇರುವ ಮಠಕ್ಕೆ ಫೋನು ಮಾಡಿದೆ. ಡಬ್ಬಿ ಕೊಟ್ಟು, ಯಾತ್ರಿಕರಿಗೆ ಹಂಚಿ ಎಂದು ಹೇಳಿ, ದಶಾಶ್ವಮೇಧದ ದಾರಿ ಕೇಳಿಕೊಂಡು ಹೋದರು ಎಂದರು ಅಲ್ಲಿಯ ಸ್ವಾಮಿಗಳು. ನಾನು ಕುಂಟುತ್ತ ಟೋಟೋ ರಿಕ್ಷಾ ಹಿಡಿಯಲು ಹೊರಡುವಷ್ಟರಲ್ಲಿ ಅವರೇ ಒಂದು ಟೋಟೋದಿಂದ ಇಳಿದರು. ಸೀರೆ ಸೊಂಟದವರೆಗೆ ತೊಯ್ದಿತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು.

‘ಎಲ್ಲಿಗಿ ಹೋಗಿದ್ರಿ ಅತ್ತಿ, ಜೀವ ಹೋಗಿತ್ತು ನಂದು!’ ಎಂದು ರೇಗಿದೆ.

‘ಕಾಶಿಗೆ ಬಂದು ಏನಾರ ಬಿಡಬೇಕಲ್ಲವಾ. ಬಿಟ್ಟು ಬಂದೆ’ ಅಂದರು.

‘ಏನ ಬಿಟ್ರಿ?’

‘ಬಡಸೂದು.’

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು: ‘ಇನ್ನ ಯಾರ ತಾಟಿಗೂ ಈ ಕೈಲೆ ಬಡಸೂದಿಲ್ಲ. ಒಂದು ರೊಟ್ಟಿ ಹಾಕಿಸ್ಕೋ, ಒಂದು ತುತ್ತು ಉಣ್ಣು ಅಂತ ಅನ್ನೂದಿಲ್ಲ. ಅಡಗಿ ಮಾಡಿ ಇಡ್ತೀನಿ. ನೀವ ಹಾಕ್ಕೊಂಡ ಉಣ್ರಿ.’

ನಮ್ಮ ಸೀಮೆಯವರಿಗೆ ಮಾತ್ರ ಇದು ಎಂಥ ಮಾತೆಂದು ಗೊತ್ತು. ನಮ್ಮಲ್ಲಿ ಉಣ್ಣುವವರು ಬೇಡ ಎಂದು ಕೈ ಅಡ್ಡ ಹಿಡಿಯುವುದು, ಬಡಿಸುವವರು ಆ ಕೈಯ ಸಂದಿನಲ್ಲೇ ಹಾಕುವುದು, ಇದೇ ಮರ್ಯಾದೆ. ಅತ್ತೆ ಐವತ್ತು ವರ್ಷ ಅದನ್ನೇ ಮಾಡಿದವರು. ಅವರ ಕೈಯೂಟದ ಒತ್ತಾಯ ಇಡೀ ಬಳಗದಲ್ಲಿ ಹೆಸರಾದದ್ದು. ಹಾಗಲಕಾಯಿ ಬಿಟ್ಟವರನ್ನೆಲ್ಲ ನೋಡಿ ನಕ್ಕ ನಾನು ಅಂದು ಅವರ ಒದ್ದೆ ಸೆರಗು ಹಿಂಡುತ್ತ ನಿಂತೆ.

ಅವರು ನುಡಿದಂತೆ ನಡೆದರು. ಪಾತ್ರೆಗಳನ್ನು ನಡುವೆ ಇಟ್ಟು, ಎದುರಿಗೆ ಕೂರುವರು. ನನ್ನ ತಟ್ಟೆ ಖಾಲಿಯಾಗುತ್ತ ಬಂದಾಗ ಅವರ ಬಲಗೈ ತಾನಾಗಿ ಏಳುತ್ತಿತ್ತು. ಎದ್ದದ್ದನ್ನು ಎಡಗೈಯಿಂದ ಹಿಡಿದು ಮಡಿಲಿಗೆ ತಂದುಕೊಳ್ಳುವರು. ಇದನ್ನು ನೋಡುತ್ತ ಬಟ್ಟಲಿನ ಮೇಲೆ ಒಂದು ಅಗುಳು ಹಾಕಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಎರಡನೆಯ ಸಲ ತೂಕ ಇಳಿಸುವುದು ಬೇರೆಯೇ ಕೆಲಸ. ಯಾರೂ ಹೊಗಳುವುದಿಲ್ಲ. ಮೊದಲು ಇಳಿದು ಮತ್ತೆ ಏರಿದವಳನ್ನು ಜನ ನೋಡುವ ನೋಟದಲ್ಲಿ ಒಂದು ಸಣ್ಣ ನಗು ಇರುತ್ತದೆ. ಜೋತುಬಿದ್ದಿದ್ದ ರವಿಕೆಗಳನ್ನು ಹಿಡಿಸಿ ಹೊಲಿಸಿದ್ದೆ, ಈಗ ಆ ಹೊಲಿಗೆಗಳನ್ನೇ ಬಿಚ್ಚಿದೆ. ಘಾಟಿನ ಮೆಟ್ಟಿಲು ಹತ್ತುವ ಕಾಲು ಉಳಿದಿರಲಿಲ್ಲ. ವಿಶ್ವವಿದ್ಯಾಲಯದ ಒಳಗಿನ ಸಮತಟ್ಟು ರಸ್ತೆಗಳಲ್ಲಿ, ಮರಗಳ ಕೆಳಗೆ, ಕೋಲು ಹಿಡಿದು ನಡೆದೆ. ಮೊದಲ ಸಲ ಹುರುಪು ನನ್ನನ್ನು ಎಳೆದುಕೊಂಡು ಹೋಗಿತ್ತು. ಈ ಸಲ ಹುರುಪು ಬರಲೇ ಇಲ್ಲ. ಬರುತ್ತದೆ ಎಂದು ಕಾಯುತ್ತ ಕೂತಿದ್ದರೆ ಇವತ್ತಿಗೂ ಕೂತಿರುತ್ತಿದ್ದೆ. ಮನಸ್ಸಿಲ್ಲದೆಯೂ ಚಪ್ಪಲಿ ಮೆಟ್ಟಿಕೊಳ್ಳಬಹುದು ಎಂದು ಕಲಿತೆ. ಮೆಟ್ಟಿಕೊಂಡ ಮೇಲೆ ಹೊರಗೆ ಹೋಗಲೇಬೇಕಾಗುತ್ತದೆ.

ಜಾರಲಿಲ್ಲ ಎಂದೇನೂ ಅಲ್ಲ. ಚಳಿಗಾಲದಲ್ಲಿ ಈ ಊರಿನಲ್ಲಿ ಮಲಯ್ಯೋ ಎಂದು ಹಾಲಿನ ನೊರೆಯ ಸಿಹಿ ಮಾರುತ್ತಾರೆ, ಬಾಯಲ್ಲಿಟ್ಟರೆ ಏನೂ ಇಟ್ಟಿಲ್ಲ ಅನಿಸುವಂಥದು. ಏನೂ ಅಲ್ಲದ್ದು ತಾನೇ ಎಂದು ಒಂದು ದಿನ ನಿಂತಲ್ಲೇ ಮೂರು ಕುಲ್ಹಡು ತಿಂದೆ. ಇನ್ನೊಮ್ಮೆ ಬ್ಯಾಂಕಿನಲ್ಲಿ ಯಾರದೋ ಬೀಳ್ಕೊಡುಗೆ, ಕಚೌಡಿ, ಜಲೇಬಿ, ಕೈ ನಿಲ್ಲಲಿಲ್ಲ. ಮನೆಗೆ ಬಂದು ಹೇಳಿದೆ. ಇವರು ‘ಹೂಂ, ಹೆಚ್ಚಾತು’ ಅಂದರು, ಅಷ್ಟೇ. ಮರುದಿನ ಬೆಳಿಗ್ಗೆ ತಂಬಿಗೆಯ ಪಕ್ಕದಲ್ಲಿ ಬಟ್ಟಲು ತೊಳೆದು ಇಟ್ಟಿತ್ತು. ತೊಳೆದಿಟ್ಟವರು ಅವರೋ ಅತ್ತೆಯೋ, ನಾನು ಕೇಳಲಿಲ್ಲ.

ಮಂಜು ಕವಿದ ಆ ಚಳಿಗಾಲದುದ್ದಕ್ಕೂ ನಾನು ಇಳಿದೆ, ಇವರೂ ಇಳಿದರು. ನನ್ನದು ಬೇಕಾದ ಇಳಿತ, ಅವರದು ಬೇಡದ್ದು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಡಯಾಲಿಸಿಸ್ ಮಧ್ಯದಲ್ಲೇ ರಕ್ತದ ಒತ್ತಡ ಬಿದ್ದುಹೋಗಿ ಯಂತ್ರ ನಿಲ್ಲಿಸಿದ ದಿನಗಳಿದ್ದವು. ನಾನು ಹೇಳಿದ ತೂಕ ಮುಟ್ಟುವುದು ಮೊದಲೋ, ಅವರು ಕೊನೆ ಮುಟ್ಟುವುದು ಮೊದಲೋ ಎಂಬ ಭಯ ನನ್ನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅತ್ತೆ ಅದನ್ನು ಬಾಯಿಬಿಟ್ಟು ಆಡಲಿಲ್ಲ. ರೊಟ್ಟಿಯನ್ನು ದಿನದಿನಕ್ಕೆ ಇನ್ನಷ್ಟು ತೆಳ್ಳಗೆ ಬಡಿದರು, ಹಿಂದಿನಿಂದ ಬೆಳಕು ಕಾಣುವಷ್ಟು.

ಹೋಳಿ ಕಳೆದ ಮೇಲೆ ಲಖನೌಗೆ ಹೋದೆವು. ಆ ವೈದ್ಯೆ ಯಂತ್ರದ ಮುಳ್ಳು ನೋಡಿದರು, ಸಕ್ಕರೆಯ ವರದಿ ನೋಡಿದರು. ನನ್ನ ಕೈಯನ್ನು ಒಂದು ಗಳಿಗೆ ಹಿಡಿದುಕೊಂಡರು. ದಿನ ಗೊತ್ತುಮಾಡಿ ಅಂದರು. ನಾನು ಅಲ್ಲೇ, ಎಲ್ಲರ ಮುಂದೆ, ಗಟ್ಟಿಯಾಗಿ ಅತ್ತುಬಿಟ್ಟೆ. ನನಗೆ ನಾಚಿಕೆಯಾಗಲಿಲ್ಲ.

ಶಸ್ತ್ರಚಿಕಿತ್ಸೆಯ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಎಚ್ಚರವಾದಾಗ ಪಕ್ಕೆಯಲ್ಲಿ ಬೆಂಕಿಯಿಟ್ಟಂಥ ನೋವು. ಬಂತಾ ಎಂದು ಕೇಳಿದೆನಂತೆ, ಕನ್ನಡದಲ್ಲಿ. ನರ್ಸಿಗೆ ಅರ್ಥವಾಗಲಿಲ್ಲ. ಬಾಗಿಲ ಬಳಿಯಿಂದ ಅತ್ತೆ, ‘ಬಂತವಾ, ಮೂತ್ರ ಬಂತು, ಕೊಡದಿಂದ ಸುರವಿದಂಗ ಬಂತು’ ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದರು. ಮದುವೆಯ ಸುದ್ದಿಯನ್ನೂ ಅವರು ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಕಂಡಿಲ್ಲ.

ನನ್ನನ್ನು ಬೇಗ ಬಿಟ್ಟರು. ಇವರನ್ನು ಬಹಳ ದಿನ ಇಟ್ಟುಕೊಂಡರು. ಅಲ್ಲಿ ಕುಡಿದ ನೀರನ್ನೂ ಹೊರಗೆ ಬಂದ ನೀರನ್ನೂ ಅಳೆದು ಬರೆಯುತ್ತಿದ್ದರು, ಅದೂ ಲೆಕ್ಕದ ನೀರೇ. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಬಿಡುಗಡೆಯ ದಿನ ವೈದ್ಯೆ, ಇನ್ನು ನೀರು ಚೆನ್ನಾಗಿ ಕುಡಿಯಬೇಕು, ಬಾಯಾರುವವರೆಗೆ ಕಾಯಬೇಡಿ ಅಂದರು. ಇವರು ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು.

ಕೋಣೆಗೆ ಬಂದು ಮಂಚದ ಮೇಲೆ ಕೂತರು, ಮುಖಕ್ಕೆ ಮಾಸ್ಕು ಕಟ್ಟಿಕೊಂಡೇ. ಕಾಸಿ ಆರಿಸಿದ ನೀರು ದೊಡ್ಡ ಪಾತ್ರೆಯಲ್ಲಿತ್ತು. ಸಾಮಾನುಗಳ ನಡುವಿನಿಂದ ತಮ್ಮ ತಂಬಿಗೆ ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟರು. ಕತ್ತಿನ ಮಟ್ಟಕ್ಕೆ ತುಂಬಿಸಿ ಕೊಟ್ಟೆ. ಮಾಸ್ಕು ಕೆಳಗೆ ಸರಿಸಿ ಕುಡಿದರು. ಅರ್ಧಕ್ಕೆ ನಿಲ್ಲಿಸಿ ಮುಚ್ಚಳಕ್ಕಾಗಿ ಕೈ ಚಾಚಿದರು, ಅಭ್ಯಾಸ. ನಂತರ ನೆನಪಾಗಿ, ಉಳಿದದ್ದನ್ನೂ ಕುಡಿದರು. ಖಾಲಿ ತಂಬಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರದೋ ಮನೆಗೆ ಬಂದ ನೆಂಟನ ಹಾಗೆ ಸಂಕೋಚದಿಂದ ಕೇಳಿದರು.

‘ಇನ್ನೊಂದಿಷ್ಟು ಸಿಗ್ತದೇನು?’

ನನ್ನ ಪಕ್ಕೆಯ ಹೊಲಿಗೆ ಚುಚ್ಚಿತು, ಏಳಲು ಹೋದವಳು ಕೂತುಬಿಟ್ಟೆ. ಪಾತ್ರೆಯ ಪಕ್ಕದಲ್ಲಿ ಅತ್ತೆ ಕೂತಿದ್ದರು. ಅವರ ಬಲಗೈ ಎದ್ದಿತ್ತು. ಎಡಗೈ ಅದನ್ನು ಹಿಡಿಯಲು ಬರುತ್ತಿತ್ತು.

‘ನೀವ ಹಾಕ್ರಿ ಅತ್ತಿ’ ಅಂದೆ.

‘ನಾ ಬಿಟ್ಟೀನಲ್ಲವಾ’ ಅಂದರು.

‘ನಾನೂ ಬಿಟ್ಟಿದ್ದೆ. ಹಾಕ್ರಿ. ಆ ದೋಷ ನನಗ ಬರಲಿ.’

ಅವರು ತಂಬಿಗೆ ತೆಗೆದುಕೊಂಡು ತುಂಬಿಸಿದರು. ಕತ್ತಿನ ಮಟ್ಟಕ್ಕೆ ಬಂದಾಗ ನಿಲ್ಲಿಸಲಿಲ್ಲ. ತುಂಬಿ, ಅಂಚಿನಿಂದ ಚೆಲ್ಲಿ, ನೆಲವೆಲ್ಲ ಒದ್ದೆಯಾಯಿತು. ಮಗ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಾಗ, ‘ಕುಡಿ ನನ್ನಪ್ಪಾ, ಇನ್ನೊಂದಿಷ್ಟು ಕುಡಿ, ಇನ್ನೊಂದಿಷ್ಟು’ ಎಂದು ಒತ್ತಾಯ ಮಾಡುತ್ತಲೇ ಇದ್ದರು.